ಬ್ರೌಸರ್ ಅಪ್‌ಡೇಟ್ ಆಗುತ್ತಿಲ್ಲವೇ? ಅಳಿಸಿ ಹಾಕುವ ಮೊದಲು ನೋಡಬೇಕಾದ ಸಂಗತಿಗಳು

ಶಾಲೆ-ಕಾಲೇಜುಗಳ ಪ್ರವೇಶದ ದಿನಗಳಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದಂತಹ ಊರುಗಳ ಆನ್‌ಲೈನ್ ಸೆಂಟರ್‌ಗಳಲ್ಲಿ ಯಾವ ಕಂಪ್ಯೂಟರಿಗೂ ಬಿಡುವಿರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಇವುಗಳ ನಡುವೆಯೇ ರೈತರ ಪಹಣಿ, ಬೆಳೆ ವಿಮೆ, ಹೀಗೆ ಎಲ್ಲ ಕೆಲಸವೂ ಸಾಗುವುದು ಬ್ರೌಸರ್ ಎಂಬ ಒಂದೇ ತಂತ್ರಾಂಶದ ಮೂಲಕ. ಅಂತಹ ಹೊತ್ತಿನಲ್ಲಿ ಪರದೆಯ ಬಲ ಮೇಲ್ಮೂಲೆಯಲ್ಲಿ ‘ಕಾಂಟ್ ಅಪ್‌ಡೇಟ್ ಕ್ರೋಮ್’ ಎಂದೋ ‘ಅಪ್‌ಡೇಟ್ ಫೇಲ್ಡ್’ ಎಂದೋ ಕಾಣಿಸಿಕೊಂಡರೆ ಹೆಚ್ಚಿನವರು ಅದನ್ನು ಮುಚ್ಚಿ ಕೆಲಸ ಮುಂದುವರಿಸುತ್ತಾರೆ, ಇಲ್ಲವೇ ಬ್ರೌಸರನ್ನೇ ಅಳಿಸಿ ಹೊಸದಾಗಿ ಹಾಕಿಕೊಳ್ಳುತ್ತಾರೆ. ಮೊದಲನೆಯದರಿಂದ ಭದ್ರತಾ ಲೋಪಗಳು ಹಾಗೆಯೇ ಉಳಿಯುತ್ತವೆ. ಎರಡನೆಯದರಿಂದ ಬುಕ್‌ಮಾರ್ಕುಗಳೂ ಉಳಿಸಿಟ್ಟ ಪಾಸ್‌ವರ್ಡುಗಳೂ ಹೋಗುವ ಸಂಭವವಿದೆ; ಜೊತೆಗೆ ಮೂಲ ಕಾರಣ ಬೇರೆಡೆ ಇದ್ದರೆ ಕೆಲವೇ ದಿನಗಳಲ್ಲಿ ಅದೇ ಎಚ್ಚರಿಕೆ ಮತ್ತೆ ಬರುತ್ತದೆ.

ಬ್ರೌಸರ್ ತನ್ನನ್ನು ತಾನು ನವೀಕರಿಸಿಕೊಳ್ಳುವುದು ನಾಲ್ಕು ಹಂತಗಳಲ್ಲಿ. ಹೊಸ ಆವೃತ್ತಿ ಬಂದಿದೆಯೇ ಎಂದು ಅದು ತಯಾರಕರ ಸರ್ವರನ್ನು ಕೇಳುತ್ತದೆ, ಬಂದಿದ್ದರೆ ಕಡತಗಳನ್ನು ಇಳಿಸಿಕೊಳ್ಳುತ್ತದೆ, ಅವನ್ನು ಕಂಪ್ಯೂಟರಿನಲ್ಲಿ ತಮ್ಮ ಜಾಗಕ್ಕೆ ಸೇರಿಸುತ್ತದೆ, ಕೊನೆಗೆ ಮುಚ್ಚಿ ತೆರೆದಾಗ ಹೊಸ ರೂಪದಲ್ಲಿ ಎದ್ದು ನಿಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಬಾರದಿದ್ದರೆ ರೈತರು ಯಾವ ತೂಬಿನಲ್ಲಿ ಅದು ನಿಂತಿದೆ ಎಂದು ನೋಡುತ್ತ ಹೋಗುವಂತೆ, ಇಲ್ಲಿಯೂ ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಒಂದೊಂದು ಹಂತಕ್ಕೂ ಪರಿಹಾರ ಬೇರೆ. ಹಂತ ತಿಳಿಯದೆ ಮಾಡುವ ಯಾವ ದುರಸ್ತಿಯೂ ಊಹೆಯ ಮೇಲೆ ನಿಂತಿರುತ್ತದೆ.

ಎಚ್ಚರಿಕೆ ನಿಜವಾದದ್ದೇ?

ದುರಸ್ತಿಗೆ ಕೈಹಾಕುವ ಮೊದಲು ಎಚ್ಚರಿಕೆಯನ್ನು ಕೊಟ್ಟವರು ಯಾರು ಎಂಬುದನ್ನು ನೋಡಿಕೊಳ್ಳಬೇಕು. ನನ್ನ ಮಟ್ಟಿಗೆ ಈ ಲೇಖನದ ಅತಿ ಮುಖ್ಯ ಭಾಗ ಇದೇ. ನಿಜವಾದ ಎಚ್ಚರಿಕೆ ಬ್ರೌಸರಿನ ಸ್ವಂತ ಜಾಗದಲ್ಲಿ ಬರುತ್ತದೆ: ಕ್ರೋಮ್‌ನಲ್ಲಿ ಬಲ ಮೇಲ್ಮೂಲೆಯ ಮೂರು ಚುಕ್ಕೆಗಳ ಬಳಿ, ಫೈರ್‌ಫಾಕ್ಸ್‌ನಲ್ಲಿ ಮೂರು ಅಡ್ಡಗೆರೆಗಳ ಮೆನುವಿನಲ್ಲಿ ಅಥವಾ ಅದರಿಂದಲೇ ಇಳಿದ ಚಿಕ್ಕ ಪೆಟ್ಟಿಗೆಯಲ್ಲಿ. ವೆಬ್ ಪುಟದ ಒಳಗೆ, ಅಂದರೆ ವಿಳಾಸ ಪಟ್ಟಿಯ ಕೆಳಗಿನ ಜಾಗದಲ್ಲಿ, ಕ್ರೋಮ್‌ನ ಬಣ್ಣದ ಗುರುತನ್ನೇ ತೋರಿಸಿ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಈಗಲೇ ನವೀಕರಿಸಿ’ ಎಂದು ದೊಡ್ಡ ಗುಂಡಿಯೊಂದಿಗೆ ಬರುವುದನ್ನು ಎಂದಿಗೂ ನಂಬಬಾರದು. ಸಿನಿಮಾ ಇಳಿಸುವ ತಾಣಗಳಲ್ಲಿ ಮಾತ್ರ ಇಂಥವು ಬರುತ್ತವೆ ಎಂದು ತಿಳಿಯುವುದು ತಪ್ಪು. ಯಾರೋ ಹ್ಯಾಕ್ ಮಾಡಿರುವ ಸಾಮಾನ್ಯ ತಾಣಗಳಲ್ಲಿಯೂ ಇವು ಹುದುಗಿರುತ್ತವೆ. ಹಾಗೆ ಇಳಿದು ಬರುವ ಕಡತ ಹಲವು ಬಾರಿ ಜಿಪ್ ಆಗಿರುತ್ತದೆ, ಅದರೊಳಗೆ ‘ಡಾಟ್ ಜೆಎಸ್’ ಎಂದು ಮುಗಿಯುವ ಪುಟ್ಟ ಕಡತ ಇರುತ್ತದೆ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ವಿಂಡೋಸ್‌ಗೆ ಹಾಗೆ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಮೋಸ ಹೆಚ್ಚಾಗಿದೆ. ಅಪ್‌ಡೇಟ್ ವಿಫಲವಾಗಿದೆ, ಸರಿಪಡಿಸಲು ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ನಂತರ ಕಂಟ್ರೋಲ್ ಮತ್ತು ‘ವಿ’ ಒತ್ತಿ, ಎಂಟರ್ ಕೊಡಿ ಎಂದು ಪುಟವೇ ಹೇಳಿಕೊಡುತ್ತದೆ. ನಾವು ಪುಟದ ಮೇಲೆ ಒಂದು ಸಲ ಕ್ಲಿಕ್ ಮಾಡಿದ್ದೇ ತಡ, ಅದು ನಮಗೆ ಗೊತ್ತಿಲ್ಲದಂತೆ ಒಂದು ಆದೇಶವನ್ನು ಕ್ಲಿಪ್‌ಬೋರ್ಡಿಗೆ, ಅಂದರೆ ನಕಲು ಮಾಡಿದ್ದು ಕೂರುವ ಜಾಗಕ್ಕೆ, ಸೇರಿಸಿಟ್ಟಿರುತ್ತದೆ. ನಾವು ಅದನ್ನು ಅಂಟಿಸಿ ಎಂಟರ್ ಕೊಟ್ಟರೆ ನಮ್ಮ ಕೈಯಿಂದಲೇ ಕಳ್ಳ ತಂತ್ರಾಂಶವನ್ನು ಒಳಗೆ ಕರೆದುಕೊಂಡಂತಾಗುತ್ತದೆ. ಮುಂದೆ ಈ ಲೇಖನದಲ್ಲಿಯೂ ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿದಾಗ ಬರುವ ಅದೇ ‘ರನ್’ ಪೆಟ್ಟಿಗೆಯನ್ನು ತೆರೆಯುವ ಸಂದರ್ಭ ಬರುತ್ತದೆ. ಅಲ್ಲಿ ಅಕ್ಷರಗಳನ್ನು ಸ್ವಂತ ಕೈಯಿಂದ ಟೈಪ್ ಮಾಡಿ, ಯಾವ ಪುಟದಿಂದಲೂ ನಕಲು ಮಾಡಿ ಅಂಟಿಸಬೇಡಿ.

ಪರದೆಯ ಬಲ ಕೆಳಮೂಲೆಯಲ್ಲಿ ಪದೇ ಪದೇ ಇಣುಕುವ ಎಚ್ಚರಿಕೆಗಳು ಬಹುಪಾಲು ಯಾವುದೋ ತಾಣದ ನೋಟಿಫಿಕೇಶನ್‌ಗಳಾಗಿರುತ್ತವೆ. ಯಾರೋ ಗ್ರಾಹಕರ ಕೆಲಸದ ಅವಸರದಲ್ಲಿ ‘ಅಲೋ’ ಒತ್ತಿದ್ದರ ಫಲ ಅದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ ಎಂದು ಹೋಗಿ ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನು ತೆಗೆದುಹಾಕಿದರೆ ಅವು ನಿಲ್ಲುತ್ತವೆ. ಇಂತಹ ಎಚ್ಚರಿಕೆಯನ್ನು ನಂಬಿ ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಬೇಗ ಕರೆ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಬ್ರೌಸರನ್ನೇ ಕೇಳುವುದು

ಎಚ್ಚರಿಕೆ ಎಲ್ಲಿಂದಲೇ ಬಂದಿರಲಿ, ಅದರ ಮೇಲೆ ಕ್ಲಿಕ್ ಮಾಡುವ ಬದಲು ಬ್ರೌಸರಿನ ‘ಅಬೌಟ್’ ಪುಟಕ್ಕೆ ಹೋಗುವುದು ಒಳ್ಳೆಯ ರೂಢಿ. ಕ್ರೋಮ್‌ನಲ್ಲಿ ಮೂರು ಚುಕ್ಕೆ, ‘ಹೆಲ್ಪ್’, ‘ಅಬೌಟ್ ಗೂಗಲ್ ಕ್ರೋಮ್’. ಎಡ್ಜ್‌ನಲ್ಲಿ ಮೂರು ಚುಕ್ಕೆ, ‘ಹೆಲ್ಪ್ ಆ್ಯಂಡ್ ಫೀಡ್‌ಬ್ಯಾಕ್’, ‘ಅಬೌಟ್ ಮೈಕ್ರೋಸಾಫ್ಟ್ ಎಡ್ಜ್’. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆ, ‘ಹೆಲ್ಪ್’, ‘ಅಬೌಟ್ ಫೈರ್‌ಫಾಕ್ಸ್’. ಈ ಪುಟ ತೆರೆದೊಡನೆ ಬ್ರೌಸರ್ ತಾನಾಗಿಯೇ ಸರ್ವರನ್ನು ಕೇಳಲು ತೊಡಗುತ್ತದೆ. ಈ ಹೊತ್ತಿನಲ್ಲಿ ಏನು ಕಾಣುತ್ತದೆ ಎಂಬುದನ್ನು ಗಮನಿಸಬೇಕು.

‘ಚೆಕಿಂಗ್ ಫಾರ್ ಅಪ್‌ಡೇಟ್ಸ್’ ಎಂಬಲ್ಲಿಯೇ ನಿಂತು ದೋಷ ಬಂದರೆ ತೊಂದರೆ ಸಂಪರ್ಕದಲ್ಲಿದೆ. ಶೇಕಡಾವಾರು ಅಂಕಿ ಏರುತ್ತ ಹೋಗಿ ನಡುವೆ ನಿಂತರೆ ಇಳಿಸಿಕೊಳ್ಳುವುದರಲ್ಲಿದೆ. ಪೂರ್ತಿ ಇಳಿದ ಮೇಲೆ ವಿಫಲವಾದರೆ ಡಿಸ್ಕಿನ ಜಾಗ, ಅನುಮತಿ, ಆ್ಯಂಟಿವೈರಸ್ ಇವುಗಳಲ್ಲಿ ಯಾವುದೋ ಒಂದರಲ್ಲಿದೆ. ‘ರೀಲಾಂಚ್’ ಅಥವಾ ‘ರೀಸ್ಟಾರ್ಟ್’ ಎಂಬ ಗುಂಡಿ ಬಂದಿದ್ದರೆ ತೊಂದರೆಯೇ ಇಲ್ಲ, ಅದನ್ನು ಒತ್ತುವುದಷ್ಟೇ ಬಾಕಿ. ದೋಷದ ಸಾಲು ಬಂದರೆ ಅದರ ಪೂರ್ತಿ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಉದ್ದನೆಯ ಸಂಕೇತವೊಂದು ಇದ್ದರೆ ಅದು ಸಾಮಾನ್ಯವಾಗಿ ವಿಂಡೋಸ್ ಕೊಡುವ ಸಂಕೇತ. ಕೊನೆಯ ಅಂಕಿಗಳನ್ನು ನೋಡಿದರೆ ಸಾಕಷ್ಟು ತಿಳಿಯುತ್ತದೆ. 80072ಇಇ7 ಎಂದಿದ್ದರೆ ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ ಎಂದರ್ಥ. 80072ಇಇ2 ಎಂದರೆ ಸರ್ವರಿನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ. 80072ಎಫ್8ಎಫ್ ಎಂದರೆ ಭದ್ರತಾ ಪ್ರಮಾಣಪತ್ರದ ತಾಳೆ ತಪ್ಪಿದೆ, ಇದಕ್ಕೆ ಹೆಚ್ಚಾಗಿ ದಿನಾಂಕವೇ ಕಾರಣ. 80070005 ಎಂದರೆ ಅನುಮತಿ ಇಲ್ಲ. 80070070 ಎಂದರೆ ಡಿಸ್ಕ್ ತುಂಬಿದೆ.

ಮುಚ್ಚಿದರೂ ಮುಚ್ಚದ ಬ್ರೌಸರ್

ದಿನವಿಡೀ ತೆರೆದೇ ಇರುವ ಬ್ರೌಸರಿನಲ್ಲಿ ಅಪ್‌ಡೇಟ್ ಬಾಕಿ ಉಳಿಯುವುದಕ್ಕೆ ಅತಿ ಸಾಮಾನ್ಯ ಕಾರಣ ಅದನ್ನು ಮುಚ್ಚಿ ತೆರೆಯದೇ ಇರುವುದು. ಕ್ರೋಮ್ ತನ್ನ ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿಯೇ ಇನ್ನೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್’ ಒಳಗೆ ‘ಗೂಗಲ್’, ‘ಕ್ರೋಮ್’, ‘ಅಪ್ಲಿಕೇಶನ್’ ಎಂದು ಹೋದರೆ ಆವೃತ್ತಿಯ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಎರಡು ಫೋಲ್ಡರುಗಳು ಕಾಣಬಹುದು. ಅವುಗಳ ಜೊತೆ ‘ನ್ಯೂ ಕ್ರೋಮ್’ ಎಂಬ ಹೆಸರಿನ ಕಡತವೂ ಇದ್ದರೆ, ಹೊಸದು ಬಂದು ಕುಳಿತಿದೆ, ಹಳೆಯದು ಎದ್ದು ಹೋಗುವುದನ್ನು ಕಾಯುತ್ತಿದೆ ಎಂದು ತಿಳಿಯಬೇಕು. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದಾಗ ಆ ಕಡತದ ಹೆಸರು ಬದಲಾಗಿ ಅದೇ ಮುಖ್ಯ ಕಡತವಾಗುತ್ತದೆ. ಈ ಫೋಲ್ಡರಿನಲ್ಲಿ ಏನನ್ನೂ ಕೈಯಾರೆ ಅಳಿಸಬೇಡಿ, ನೋಡಿ ಹೊರಬಂದರೆ ಸಾಕು.

ಪೂರ್ತಿ ಮುಚ್ಚುವುದು ಎಂದೆ. ಕಿಟಕಿಯ ಮೂಲೆಯ ಅಡ್ಡಗುರುತನ್ನು ಒತ್ತಿದ ಮಾತ್ರಕ್ಕೆ ಬ್ರೌಸರ್ ಮುಚ್ಚಿತೆಂದಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು, ಪಟ್ಟಿಯಲ್ಲಿ ಬ್ರೌಸರಿನ ಹೆಸರು ಇನ್ನೂ ಉಳಿದಿದ್ದರೆ ಆಯ್ದು ‘ಎಂಡ್ ಟಾಸ್ಕ್’ ಕೊಡಬೇಕು. ಅರ್ಧ ತುಂಬಿದ ಅರ್ಜಿಗಳು ಇದ್ದರೆ ಅವನ್ನು ಮೊದಲು ಮುಗಿಸಿ ಅಥವಾ ಡ್ರಾಫ್ಟ್ ಆಗಿ ಉಳಿಸಿಕೊಳ್ಳಿ. ಮತ್ತೆ ತೆರೆದಾಗ ಪುಟಗಳು ಮರಳಿ ಬಂದರೂ ಸರ್ಕಾರಿ ತಾಣಗಳ ಲಾಗಿನ್ ಅವಧಿ ಮುಗಿದಿರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆ ವಿಂಡೋಸ್ ಖಾತೆಗಳಲ್ಲಿ ಕೆಲಸ ಮಾಡುತ್ತಿದ್ದರೆ ಇನ್ನೊಬ್ಬರ ಖಾತೆಯಲ್ಲಿ ತೆರೆದೇ ಇರುವ ಬ್ರೌಸರ್ ಕೂಡ ಅಡ್ಡಿಯಾಗುತ್ತದೆ. ಫೈರ್‌ಫಾಕ್ಸ್ ಅಂತಹ ಹೊತ್ತಿನಲ್ಲಿ ಇನ್ನೊಂದು ಪ್ರತಿ ಚಾಲೂ ಇದೆ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಆ ಖಾತೆಯಿಂದ ಸೈನ್ ಔಟ್ ಆಗಿ, ಕಂಪ್ಯೂಟರನ್ನೇ ಒಮ್ಮೆ ರೀಸ್ಟಾರ್ಟ್ ಮಾಡುವುದು ಅತಿ ಸರಳವಾದ ಪರಿಹಾರ.

ಗಡಿಯಾರ ಮತ್ತು ಒಂದು ಪುಟ್ಟ ಸೆಲ್

ನಮ್ಮ ಭಾಗದಲ್ಲಿ ನಾನು ವಿಶೇಷವಾಗಿ ಒತ್ತಿ ಹೇಳಬೇಕೆಂದಿರುವುದು ಕಂಪ್ಯೂಟರಿನ ದಿನಾಂಕದ ಬಗ್ಗೆ. ಬ್ರೌಸರ್ ಸರ್ವರಿನೊಂದಿಗೆ ಮಾತನಾಡುವ ಮೊದಲು ಅದರ ಭದ್ರತಾ ಪ್ರಮಾಣಪತ್ರವನ್ನು ನೋಡುತ್ತದೆ. ಆ ಪತ್ರ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಊರ್ಜಿತ ಎಂದು ಬರೆದಿರುತ್ತದೆ. ಕಂಪ್ಯೂಟರಿನ ಗಡಿಯಾರ ಹಲವು ವರ್ಷ ಹಿಂದಿದ್ದರೆ ಊರ್ಜಿತವಾದ ಪತ್ರವೂ ಅದಕ್ಕೆ ತಾಳೆಯಾಗುವುದಿಲ್ಲ. ತಾಣಗಳು ತೆರೆಯುವುದಿಲ್ಲ, ಅಪ್‌ಡೇಟೂ ಬರುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’, ‘ಡೇಟ್ ಆ್ಯಂಡ್ ಟೈಮ್’ ಎಂದು ಹೋಗಿ ಸಮಯ ವಲಯ 5.30ರ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂದಿದೆಯೇ ನೋಡಿ, ‘ಸಿಂಕ್ ನೌ’ ಒತ್ತಿದರೆ ಆ ಹೊತ್ತಿಗೆ ಸರಿಹೋಗುತ್ತದೆ.

ಆದರೆ ಹಲವರ ದೂರು ಅಲ್ಲಿಗೆ ಮುಗಿಯುವುದಿಲ್ಲ. ‘ನಿನ್ನೆ ಸರಿ ಮಾಡಿದ್ನಿರಿ, ಇವತ್ತ ಮತ್ತ ಅದ ಬಂದೈತ್ರಿ’ ಎನ್ನುತ್ತಾರೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಹೀಗಾದರೆ ಮದರ್‌ಬೋರ್ಡಿನ ಮೇಲಿರುವ ಬಟನ್ ಸೆಲ್ ಖಾಲಿಯಾಗಿದೆ ಎಂದೇ ಮೊದಲು ಶಂಕಿಸಬೇಕು. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಆ ಸೆಲ್. ಪ್ಲಗ್‌ನಲ್ಲಿ ವಿದ್ಯುತ್ ಇರುವವರೆಗೆ ಅದರ ಕೊರತೆ ಗೊತ್ತಾಗುವುದಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋದರೆ, ಅಥವಾ ಬೇಸಿಗೆಯಲ್ಲಿ ಯುಪಿಎಸ್ ಕೂಡ ಕೈಬಿಡುವಷ್ಟು ಹೊತ್ತು ಕರೆಂಟು ಹೋದರೆ, ಬೆಳಿಗ್ಗೆ ಗಡಿಯಾರ ಮದರ್‌ಬೋರ್ಡ್ ತಯಾರಾದ ಕಾಲದ ದಿನಾಂಕಕ್ಕೆ ಹಿಂತಿರುಗಿರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಕಪ್ಪು ಪರದೆಯ ಮೇಲೆ ‘ಎಫ್1 ಒತ್ತಿ’ ಎಂದು ಕೇಳುವುದೂ ಇದೇ ಸೆಲ್ಲಿನ ಲಕ್ಷಣ.

ಅದನ್ನು ಬದಲಿಸುವುದು ಕಷ್ಟವಲ್ಲ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032 ಎಂಬ ಮೂರು ವೋಲ್ಟಿನ ಸೆಲ್. ಗಡಿಯಾರ ರಿಪೇರಿ ಅಂಗಡಿಗಳಲ್ಲಿಯೂ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿಯೂ ಸಿಗುತ್ತದೆ. ಕಂಪ್ಯೂಟರನ್ನು ಆರಿಸಿ, ಹಿಂದಿನ ವಿದ್ಯುತ್ ಕೇಬಲನ್ನು ಬಿಡಿಸಿ, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ನಂತರ ಸೆಲ್ಲಿನ ಅಂಚಿನಲ್ಲಿರುವ ಚಿಕ್ಕ ಕ್ಲಿಪ್ಪನ್ನು ಉಗುರಿನಿಂದಲೋ ಪ್ಲಾಸ್ಟಿಕ್ ತುದಿಯಿಂದಲೋ ಸರಿಸಿದರೆ ಸೆಲ್ ಮೇಲಕ್ಕೆ ಚಿಮ್ಮುತ್ತದೆ. ಹಳೆಯದು ಇದ್ದ ಮುಖವನ್ನು ನೋಡಿಟ್ಟುಕೊಂಡು ಹೊಸದನ್ನು ಅದೇ ರೀತಿ ಕೂರಿಸಿ. ಮಲಗಿಸಿ ಇಡುವ ಹೋಲ್ಡರ್‌ಗಳಲ್ಲಿ ಸಾಮಾನ್ಯವಾಗಿ ಅಧಿಕ ಚಿಹ್ನೆ (+) ಇರುವ ಬದಿ ಮೇಲಿರುತ್ತದೆ. ಶುರುಮಾಡಿದಾಗ ವಿಂಡೋಸ್‌ಗೂ ಮೊದಲು ಬರುವ ಬಯೋಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ದಿನಾಂಕ, ಸಮಯ ಹಾಕಿ ಉಳಿಸಿದರೆ ಮುಗಿಯಿತು. ಲ್ಯಾಪ್‌ಟಾಪ್ ಆಗಿದ್ದರೆ ಈ ಕೆಲಸವನ್ನು ರಿಪೇರಿ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಸಂಪರ್ಕದ ದಾರಿಯಲ್ಲಿ ಅಡ್ಡಿ

ದಿನಾಂಕ ಸರಿಯಿದ್ದೂ ‘ಚೆಕಿಂಗ್’ ಹಂತದಲ್ಲಿಯೇ ವಿಫಲವಾದರೆ ಒಂದು ಸುಲಭ ಪರೀಕ್ಷೆ ಇದೆ. ಕಂಪ್ಯೂಟರನ್ನು ಸೆಂಟರಿನ ಬ್ರಾಡ್‌ಬ್ಯಾಂಡಿನಿಂದ ಬಿಡಿಸಿ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ, ‘ಅಬೌಟ್’ ಪುಟವನ್ನು ಮತ್ತೆ ತೆರೆಯಿರಿ. ಈಗ ಅಪ್‌ಡೇಟ್ ನಡೆದರೆ ದೋಷ ರೂಟರಿನಲ್ಲಿ ಅಥವಾ ಬ್ರಾಡ್‌ಬ್ಯಾಂಡಿನಲ್ಲಿದೆ. ರೂಟರನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು ಹೊತ್ತಿಸಿ ನೋಡಬೇಕು. ಹಾಟ್‌ಸ್ಪಾಟಿನಲ್ಲಿಯೂ ನಡೆಯದಿದ್ದರೆ ದೋಷ ಕಂಪ್ಯೂಟರಿನ ಒಳಗೇ ಇದೆ.

ಒಳಗೆ ನೋಡಬೇಕಾದ ಜಾಗಗಳು ಮೂರು. ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್’ ಒಳಗೆ ‘ಪ್ರಾಕ್ಸಿ’ (ನಡುವಿನ ಸರ್ವರ್) ಎಂಬಲ್ಲಿ ಯಾವುದೋ ವಿಳಾಸ ತುಂಬಿ ಚಾಲೂ ಇಟ್ಟಿದ್ದರೆ, ಅದು ನಿಮ್ಮ ಕಚೇರಿಯೇ ಕೊಟ್ಟದ್ದಲ್ಲ ಎಂದು ಖಾತ್ರಿಯಾದ ಮೇಲೆ ಆಫ್ ಮಾಡಿ. ಸಂಪರ್ಕವನ್ನು ಬೇರೆ ದಾರಿಯಲ್ಲಿ ಕಳಿಸುವ ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ. ಮೂರನೆಯದು ತಾಣಗಳ ಹೆಸರಿಗೆ ವಿಳಾಸ ಬರೆದಿಡುವ ‘ಹೋಸ್ಟ್ಸ್’ ಎಂಬ ಕಡತ, ವಿಂಡೋಸ್ ಫೋಲ್ಡರಿನ ‘ಸಿಸ್ಟಮ್32’, ‘ಡ್ರೈವರ್ಸ್’, ‘ಇಟಿಸಿ’ ಎಂಬ ದಾರಿಯಲ್ಲಿ ಇರುತ್ತದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದರಲ್ಲಿ ಈ ಕಡತವನ್ನು ತೆರೆದಾಗ, ಹ್ಯಾಶ್ (#) ಗುರುತಿನಿಂದ ಶುರುವಾಗದ ಸಾಲುಗಳಲ್ಲಿ ಗೂಗಲ್, ಮೊಜಿಲ್ಲಾ ಅಥವಾ ಮೈಕ್ರೋಸಾಫ್ಟ್ ಹೆಸರುಗಳು ಕಂಡರೆ ಯಾರೋ ಅವುಗಳ ದಾರಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಕದ್ದ ಪ್ರತಿಯ ಡಿಟಿಪಿ, ಫೋಟೊ ತಂತ್ರಾಂಶಗಳನ್ನು ಹಾಕುವಾಗ ಜೊತೆಗೆ ಬರುವ ‘ಕ್ರ್ಯಾಕ್’ ಕಡತಗಳು ಇಲ್ಲಿ ಸಾಲುಗಳನ್ನು ಸೇರಿಸುವುದುಂಟು. ಬ್ರೌಸರಿಗೆ ಸಂಬಂಧಿಸಿದ ಸಾಲುಗಳ ಮುಂದೆ ಹ್ಯಾಶ್ ಗುರುತು ಸೇರಿಸಿ ಉಳಿಸಿದರೆ ಅವು ನಿಷ್ಕ್ರಿಯವಾಗುತ್ತವೆ. ಜನರ ಆಧಾರ್, ಬ್ಯಾಂಕ್ ವಿವರ ಹಾದುಹೋಗುವ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ತಂತ್ರಾಂಶ ಇರಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಳಿದ ಮೇಲೆ ಕೂರದಿದ್ದರೆ

ಕಡತ ಪೂರ್ತಿ ಇಳಿದು, ಸೇರಿಸುವ ಹಂತದಲ್ಲಿ ವಿಫಲವಾದರೆ ಮೊದಲು ಸಿ ಡ್ರೈವಿನಲ್ಲಿ ಜಾಗ ಎಷ್ಟಿದೆ ನೋಡಿ. ಸ್ಕ್ಯಾನ್ ಮಾಡಿದ ದಾಖಲೆಗಳೂ ಗ್ರಾಹಕರ ಪಿಡಿಎಫ್‌ಗಳೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಜಾಗಕ್ಕಾಗಿ ಮಾತ್ರವಲ್ಲ, ಜನರ ಖಾಸಗಿ ದಾಖಲೆಗಳು ಅಲ್ಲಿ ಉಳಿಯಬಾರದೆಂಬ ಕಾರಣಕ್ಕೂ ಅವನ್ನು ಆಗಾಗ ತೆರವು ಮಾಡಬೇಕು. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ ಒಳಗಿನ ‘ಟೆಂಪರರಿ ಫೈಲ್ಸ್’ ಅಳಿಸಿದರೆ ಇನ್ನಷ್ಟು ಜಾಗ ಸಿಗುತ್ತದೆ. ಅಲ್ಲಿ ‘ಡೌನ್‌ಲೋಡ್ಸ್’ ಎಂಬುದಕ್ಕೂ ಗುರುತು ಬಿದ್ದಿದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ.

ಜಾಗ ಇದ್ದರೂ ಆಗದಿದ್ದರೆ ಅಪ್‌ಡೇಟ್ ಮಾಡುವ ಸೇವೆಗಳನ್ನು ನೋಡಬೇಕು. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ಪೆಟ್ಟಿಗೆಯಲ್ಲಿ ‘ಸರ್ವೀಸಸ್ ಡಾಟ್ ಎಂಎಸ್‌ಸಿ’ (services.msc) ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಕೊಟ್ಟರೆ ಪಟ್ಟಿ ತೆರೆಯುತ್ತದೆ. ಕ್ರೋಮ್‌ಗೆ ‘ಗೂಗಲ್ ಅಪ್‌ಡೇಟರ್’ ಅಥವಾ ‘ಗೂಗಲ್ ಅಪ್‌ಡೇಟ್’ ಎಂದು ಶುರುವಾಗುವ ಸೇವೆಗಳು, ಎಡ್ಜ್‌ಗೆ ‘ಮೈಕ್ರೋಸಾಫ್ಟ್ ಎಡ್ಜ್ ಅಪ್‌ಡೇಟ್’, ಫೈರ್‌ಫಾಕ್ಸ್‌ಗೆ ‘ಮೊಜಿಲ್ಲಾ ಮೇಂಟೆನೆನ್ಸ್ ಸರ್ವಿಸ್’. ಇವುಗಳ ಮುಂದೆ ‘ಡಿಸೇಬಲ್ಡ್’ ಎಂದಿದ್ದರೆ ಡಬಲ್ ಕ್ಲಿಕ್ ಮಾಡಿ ಮೊದಲೆರಡಕ್ಕೆ ‘ಆಟೊಮ್ಯಾಟಿಕ್’, ಫೈರ್‌ಫಾಕ್ಸ್‌ನದಕ್ಕೆ ‘ಮ್ಯಾನ್ಯುಯಲ್’ ಎಂದು ಬದಲಿಸಿ. ಕಂಪ್ಯೂಟರನ್ನು ವೇಗಗೊಳಿಸುತ್ತೇವೆ ಎನ್ನುವ ‘ಕ್ಲೀನರ್’ ತಂತ್ರಾಂಶಗಳು ಇವನ್ನು ಅನಗತ್ಯವೆಂದು ಭಾವಿಸಿ ನಿಲ್ಲಿಸಿರುವುದು ಅಪರೂಪವಲ್ಲ. ಆ್ಯಂಟಿವೈರಸ್ ಮೇಲೆ ಸಂಶಯವಿದ್ದರೆ ಅದನ್ನು ಅಳಿಸಬೇಡಿ. ಹತ್ತು ನಿಮಿಷದ ಮಟ್ಟಿಗೆ ವಿರಾಮ ಕೊಟ್ಟು, ‘ಅಬೌಟ್’ ಪುಟದ ಹೊರತು ಬೇರಾವ ಪುಟವನ್ನೂ ತೆರೆಯದೆ ಅಪ್‌ಡೇಟ್ ಮುಗಿಸಿ, ಮತ್ತೆ ಚಾಲೂ ಮಾಡಿ.

‘ಅಡ್ಮಿನಿಸ್ಟ್ರೇಟರ್ ಅಪ್‌ಡೇಟನ್ನು ನಿಲ್ಲಿಸಿದ್ದಾರೆ’ ಎಂಬ ಅರ್ಥದ ಸಾಲು ಬಂದರೆ ಅದು ದೋಷವಲ್ಲ, ಯಾರೋ ಹಾಕಿದ ನಿಯಮ. ಪಂಚಾಯಿತಿ, ಕಾಲೇಜು, ಬ್ಯಾಂಕಿನ ಕಂಪ್ಯೂಟರ್ ಆಗಿದ್ದರೆ ಅಲ್ಲಿನ ಕಂಪ್ಯೂಟರ್ ಉಸ್ತುವಾರಿಯವರಿಗೆ ತಿಳಿಸಬೇಕೇ ಹೊರತು ನಾವಾಗಿ ಕೈಹಾಕಬಾರದು. ಕಾಲೇಜಿನ ಲ್ಯಾಬುಗಳಲ್ಲಿ ಇನ್ನೊಂದು ಏರ್ಪಾಡು ಇರುತ್ತದೆ: ಕಂಪ್ಯೂಟರ್ ರೀಸ್ಟಾರ್ಟ್ ಆದಾಗಲೆಲ್ಲ ಮೊದಲಿನ ಸ್ಥಿತಿಗೆ ಮರಳಿಸುವ ತಂತ್ರಾಂಶ. ಅದು ಇರುವಲ್ಲಿ ಸಂಜೆ ಮಾಡಿದ ಅಪ್‌ಡೇಟ್ ಬೆಳಿಗ್ಗೆ ಇರುವುದಿಲ್ಲ. ಆ ಬೀಗವನ್ನು ತೆಗೆದು, ಅಪ್‌ಡೇಟ್ ಮಾಡಿ, ಮತ್ತೆ ಹಾಕುವುದೊಂದೇ ದಾರಿ.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ಹೆಚ್ಚಿನ ಅನುಕೂಲವಿದೆ. ‘ಹೆಲ್ಪ್’ ಒಳಗಿನ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಲ್ಲಿ ಅಪ್‌ಡೇಟಿನ ಫೋಲ್ಡರ್ ಯಾವುದು, ಹಿಂದಿನ ಅಪ್‌ಡೇಟ್‌ಗಳು ಯಾವಾಗ ನಡೆದವು ಎಂಬುದೆಲ್ಲ ಸಿಗುತ್ತದೆ. ಫೈರ್‌ಫಾಕ್ಸ್ ಸಾಮಾನ್ಯವಾಗಿ ಬದಲಾದ ಭಾಗವನ್ನಷ್ಟೇ ಇಳಿಸಿಕೊಳ್ಳುತ್ತದೆ, ಅದು ಹೊಂದದಿದ್ದರೆ ಪೂರ್ತಿ ಆವೃತ್ತಿಯನ್ನು ತರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಲ ವಿಫಲವಾದರೆ ಒಮ್ಮೆ ಮುಚ್ಚಿ ತೆರೆದು ಎರಡನೆಯ ಪ್ರಯತ್ನಕ್ಕೆ ಬಿಡುವುದು ಸರಿ.

ವಿಂಡೋಸ್ 7 ಆಗಿದ್ದರೆ

ಇಲ್ಲಿಯವರೆಗೆ ಹೇಳಿದ ಯಾವುದೂ ಫಲ ಕೊಡದ ಒಂದು ವರ್ಗದ ಕಂಪ್ಯೂಟರುಗಳಿವೆ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109. 2023ರ ಫೆಬ್ರುವರಿಯಲ್ಲಿ ಬಂದ 110ರಿಂದ ವಿಂಡೋಸ್ 10 ಅಥವಾ ಅದಕ್ಕೂ ಹೊಸದು ಬೇಕೇ ಬೇಕು. ‘ಅಬೌಟ್’ ಪುಟದಲ್ಲಿ 109 ಎಂದು ಕಂಡರೆ ಎಚ್ಚರಿಕೆಯನ್ನು ಹೋಗಲಾಡಿಸುವ ಯಾವ ಉಪಾಯವೂ ಇಲ್ಲ, ಇದೆ ಎಂದು ಹೇಳುವ ತಾಣಗಳನ್ನು ನಂಬಬೇಡಿ. ಫೈರ್‌ಫಾಕ್ಸ್‌ನ 115ನೆಯ ದೀರ್ಘಾವಧಿ ಆವೃತ್ತಿಗೆ ಮೊಜಿಲ್ಲಾ ಹಳೆಯ ವಿಂಡೋಸ್‌ಗಾಗಿಯೇ ಅವಧಿ ವಿಸ್ತರಿಸುತ್ತ ಭದ್ರತಾ ತಿದ್ದುಪಡಿಗಳನ್ನು ಕೊಟ್ಟಿತು. ಅದು ಕಾಲಾವಕಾಶವೇ ಹೊರತು ಪರಿಹಾರವಲ್ಲ, ಏಕೆಂದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸದಾಗಿ ಹಣ ಹಾಕುವವರು ವಿಂಡೋಸ್ 11 ನಡೆಯುವ ಯಂತ್ರವನ್ನೇ ನೋಡಬೇಕು. ಮನೆಯ ಓದು-ಬರಹಕ್ಕೆ ಮಾತ್ರ ಬಳಸುವ ಹಳೆಯ ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಹೊಸ ಫೈರ್‌ಫಾಕ್ಸ್ ಚೆನ್ನಾಗಿಯೇ ನಡೆಯುತ್ತದೆ. ಸೆಂಟರುಗಳಿಗೆ ಅದನ್ನು ಸೂಚಿಸಲಾರೆ. ಆಧಾರ್‌ಗಾಗಿ ಬೆರಳಿನ ಗುರುತು ಪಡೆಯುವ ಬೆರಳಚ್ಚು ಯಂತ್ರಗಳನ್ನು ನಡೆಸುವ ಹಲವು ಡ್ರೈವರ್ ತಂತ್ರಾಂಶಗಳು ವಿಂಡೋಸ್‌ಗಷ್ಟೇ ಸಿಗುತ್ತವೆ.

ಕೊನೆಯ ಉಪಾಯವಾಗಿ ಮರುಸ್ಥಾಪನೆ

ಎಲ್ಲ ನೋಡಿದ ಮೇಲೆ ಮರುಸ್ಥಾಪನೆಯೇ ಉಳಿದರೆ, ಮೊದಲು ಅಳಿಸದೆಯೇ ಹಳೆಯದರ ಮೇಲೆ ಹೊಸದನ್ನು ಹಾಕಿ ನೋಡಿ. ಬಹಳ ಸಲ ಇಷ್ಟರಿಂದಲೇ ಕೆಲಸವಾಗುತ್ತದೆ, ಬುಕ್‌ಮಾರ್ಕುಗಳೂ ಹಾಗೆಯೇ ಉಳಿಯುತ್ತವೆ. ಹಾಗಿದ್ದರೂ ಮುಂಜಾಗ್ರತೆಯಾಗಿ ಬುಕ್‌ಮಾರ್ಕುಗಳನ್ನು ಬುಕ್‌ಮಾರ್ಕ್ ಮ್ಯಾನೇಜರಿನಿಂದ ‘ಎಕ್ಸ್‌ಪೋರ್ಟ್’ ಮಾಡಿ ಇಟ್ಟುಕೊಳ್ಳಿ. ಪಾಸ್‌ವರ್ಡುಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಅವು ಯಾರು ಬೇಕಾದರೂ ಓದಬಹುದಾದ ಸಾದಾ ಕಡತವಾಗಿ ಬರುತ್ತವೆ, ಆದ್ದರಿಂದ ಕೆಲಸ ಮುಗಿದೊಡನೆ ಅದನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಬೇಕು. ಬುಕ್‌ಮಾರ್ಕು, ಪಾಸ್‌ವರ್ಡುಗಳೆಲ್ಲ ಇರುವ ಪ್ರೊಫೈಲ್ ಫೋಲ್ಡರನ್ನೇ ನಕಲು ಮಾಡಿ ಬೇರೆ ಕಂಪ್ಯೂಟರಿಗೆ ಒಯ್ದರೆ ಕ್ರೋಮ್‌ನ ಪಾಸ್‌ವರ್ಡುಗಳು ಅಲ್ಲಿ ತೆರೆಯುವುದಿಲ್ಲ, ಅವು ಈ ಕಂಪ್ಯೂಟರಿನ ವಿಂಡೋಸ್ ಖಾತೆಗೆ ಕಟ್ಟಿಕೊಂಡಿರುತ್ತವೆ. ಅಳಿಸುವುದು ಅನಿವಾರ್ಯವಾದರೆ ‘ಬ್ರೌಸಿಂಗ್ ಡೇಟಾವನ್ನೂ ಅಳಿಸು’ ಎಂಬ ಚೌಕದಲ್ಲಿ ಗುರುತು ಹಾಕಬೇಡಿ.

ಹೊಸ ಪ್ರತಿಯನ್ನು ತರುವಾಗ ಹುಡುಕಾಟದ ಫಲಿತಾಂಶದಲ್ಲಿ ಮೊದಲು ಬರುವ ಜಾಹೀರಾತನ್ನು ಒತ್ತದೆ, ಗೂಗಲ್ ಅಥವಾ ಮೊಜಿಲ್ಲಾದ ವಿಳಾಸವನ್ನೇ ಟೈಪ್ ಮಾಡಿ ಹೋಗಿ. ಸಾಮಾನ್ಯವಾಗಿ ಸಿಗುವ ಕ್ರೋಮ್‌ನ ಪುಟ್ಟ ಕಡತ ಉಳಿದದ್ದನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ, ಸಂಪರ್ಕ ದುರ್ಬಲವಾಗಿರುವ ಹಳ್ಳಿಗಳಲ್ಲಿ ಅದು ಅರ್ಧಕ್ಕೆ ನಿಲ್ಲುತ್ತದೆ. ದೇವದುರ್ಗ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಡೇಟಾದ ಮೇಲೆ ಸೆಂಟರ್ ನಡೆಸುವವರು ನೂರು ಎಂಬಿಗೂ ಹೆಚ್ಚಿರುವ ಪೂರ್ಣ ಆಫ್‌ಲೈನ್ ಪ್ರತಿಯನ್ನು ಒಳ್ಳೆಯ ಸಂಪರ್ಕ ಇರುವಲ್ಲಿ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಹಾಕಿಕೊಳ್ಳುವುದು ಮೇಲು.

ಅಪ್‌ಡೇಟ್ ಆದ ಮೇಲೆ ಬೆರಳಚ್ಚು ಯಂತ್ರ

ಕೆಲವು ಸೆಂಟರುಗಳವರು ಅಪ್‌ಡೇಟನ್ನು ಬೇಕೆಂದೇ ತಡೆದಿರುತ್ತಾರೆ. ಅಪ್‌ಡೇಟ್ ಆದರೆ ಬೆರಳಚ್ಚು ಯಂತ್ರ ನಡೆಯುವುದಿಲ್ಲ ಎಂಬ ಅವರ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಆಧಾರ್ ದೃಢೀಕರಣದ ತಾಣ ಬ್ರೌಸರಿನ ಮೂಲಕ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶವನ್ನು ಮಾತನಾಡಿಸಿ ಬೆರಳಚ್ಚನ್ನು ಪಡೆಯುತ್ತದೆ. ಯಾವುದೋ ತಾಣ ನಮ್ಮ ಕಂಪ್ಯೂಟರಿನ ಒಳಗಿನ ತಂತ್ರಾಂಶವನ್ನು ಗುಟ್ಟಾಗಿ ಮಾತನಾಡಿಸಬಾರದೆಂದು ಕ್ರೋಮ್‌ನ ಇತ್ತೀಚಿನ ಆವೃತ್ತಿಗಳು ಇದಕ್ಕೆ ಮೊದಲು ನಮ್ಮ ಅನುಮತಿ ಕೇಳುತ್ತವೆ. ಆ ಚಿಕ್ಕ ಪೆಟ್ಟಿಗೆಯನ್ನು ನೋಡದೆ ‘ಬ್ಲಾಕ್’ ಒತ್ತಿದರೆ ಯಂತ್ರ ಕೆಟ್ಟಂತೆ ಕಾಣುತ್ತದೆ.

ಅಪ್‌ಡೇಟ್ ಮುಗಿದ ಮೇಲೆ ಆ ತಾಣವನ್ನು ತೆರೆದು, ಸ್ಥಳೀಯ ನೆಟ್‌ವರ್ಕ್ ಬಳಕೆಗೆ ಅನುಮತಿ ಕೇಳಿದರೆ ವಿಳಾಸ ಸರಿಯಾದ ಸರ್ಕಾರಿ ತಾಣದ್ದೇ ಎಂದು ನೋಡಿಕೊಂಡು ‘ಅಲೋ’ ಕೊಡಿ. ಈಗಾಗಲೇ ಬ್ಲಾಕ್ ಆಗಿದ್ದರೆ ವಿಳಾಸ ಪಟ್ಟಿಯ ಎಡಬದಿಯ ಗುರುತನ್ನು ಒತ್ತಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಬದಲಿಸಿ ಪುಟವನ್ನು ಮರುಲೋಡ್ ಮಾಡಿ. ನಂತರ ಗ್ರಾಹಕರನ್ನು ಕರೆಯುವ ಮೊದಲು ನಿಮ್ಮದೇ ಬೆರಳಿಟ್ಟು ಯಂತ್ರದ ದೀಪ ಹೊತ್ತುತ್ತದೆಯೇ ನೋಡಿಕೊಳ್ಳಿ. ಅರ್ಜಿಗೆ ಕೊನೆಯ ದಿನವಾದಂದು ಈ ಕೆಲಸಕ್ಕೆ ಕೈಹಾಕದೆ, ಜನ ಕಡಿಮೆ ಇರುವ ಭಾನುವಾರವೋ ಸಂಜೆಯೋ ಇಟ್ಟುಕೊಂಡರೆ ಪರೀಕ್ಷಿಸಲು ಸಮಯ ಸಿಗುತ್ತದೆ.